ಒಂಬತ್ತನೇ ನಂಬರಿನ ಕೆಲಸ

ಕಾಡವ್ವನ ನೇಮಕದ ಪತ್ರದಲ್ಲಿ ಸಂಡಾಸದ ಮಾತು ಎಲ್ಲೂ ಇರಲಿಲ್ಲ. ಡೇಟಾ ಎಂಟ್ರಿ ಆಪರೇಟರ್ ಎಂದು ದಪ್ಪ ಅಕ್ಷರದಲ್ಲಿ ಇತ್ತು. ಕೆಳಗೆ ಸಂಸ್ಥೆಯ ದುಂಡನೆಯ ಸಿಕ್ಕಾ ಇತ್ತು. ಅವಳ ಅಪ್ಪ ತಮ್ಮಣ್ಣನಿಗೆ ಓದಲು ಬರುವುದಿಲ್ಲ. ಆದರೂ ಆ ಪತ್ರವನ್ನು ಓಣಿಯ ನಾಲ್ಕು ಮನೆಗೆ ಒಯ್ದು ಓದಿಸಿ ಕೇಳಿ ಬಂದಿದ್ದ. ಮೂವತ್ತು ವರ್ಷ ಖಾನಾಪುರದ ಗಟಾರ ಬಳಿದವನು. ಮಗಳು ಬೆಳಗಾವಿಯಲ್ಲಿ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕೂತು ಕಂಪ್ಯೂಟರ್ ಒತ್ತುತ್ತಾಳೆ ಎನ್ನುವುದು ಅವನಿಗೆ ಹಬ್ಬದ ಊಟ ಉಂಡಷ್ಟೇ ತೃಪ್ತಿ.

ಸಂಸ್ಥೆಯ ಹೆಸರು ನಿರ್ಮಲಾಂಗಣ. ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅದರ ಆಫೀಸು. ಪುಣೆಯ ದೊಡ್ಡ ಕಂಪನಿಯೊಂದು ದಾನ ಕೊಡುತ್ತದೆ, ಇವರು ಖಾನಾಪುರ ತಾಲೂಕಿನ ಶಾಲೆಗಳಲ್ಲಿ ಮಕ್ಕಳಿಗೆ ಸಂಡಾಸ ಕಟ್ಟಿಸುತ್ತಾರೆ. ಒಳಗೆ ಹೋದ ಕೂಡಲೇ ಎದುರಿನ ಗೋಡೆಯ ಮೇಲೆ ‘ಸ್ವಚ್ಛತೆಯೇ ಸಮಾನತೆ’ ಎಂದು ನೀಲಿ ಬಣ್ಣದಲ್ಲಿ ಬರೆದಿದೆ. ಆ ಗೋಡೆಯ ಹಿಂದೆ ಆಫೀಸಿನ ಸಂಡಾಸ.

ದೀಪಾವಳಿಗೆಂದು ಊರಿಗೆ ಹೋದ ಸಫಾಯಿ ಹೆಂಗಸು ವಾಪಸು ಬರಲಿಲ್ಲ. ಆಫೀಸಿನಲ್ಲಿ ಹನ್ನೊಂದು ಜನ. ಆ ಹನ್ನೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅವಧೂತ ಸಾಹೇಬರ ಕಣ್ಣು ಅತ್ತ ಇತ್ತ ಹೊರಳದೆ ನೇರವಾಗಿ ಬಂದು ನಿಂತದ್ದು ಕಾಡವ್ವನ ಮೇಲೆ. ಕಣ್ಣಿಗೆ ಆ ದಾರಿ ಇಂಟರ್‌ವ್ಯೂ ದಿವಸವೇ ಗೊತ್ತಾಗಿತ್ತು.

“ಖಾನಾಪುರದಾಗ ಯಾವ ಓಣಿ?” ಎಂದು ಅವತ್ತು ಕೇಳಿದ್ದರು.

ಕಾಡವ್ವ ಓಣಿಯ ಹೆಸರು ಹೇಳಿದ್ದಳು.

“ಹಾಂ. ಹೌದೇನು. ಹೌದೇನು,” ಎಂದು ಎರಡು ಸಲ ಅಂದಿದ್ದರು. ಬಿ.ಕಾಂ.ನಲ್ಲಿ ಎಷ್ಟು ಪರ್ಸೆಂಟ್ ಎಂದು ಒಂದು ಸಲವೂ ಕೇಳಿರಲಿಲ್ಲ. ಓಣಿ ಕೇಳಿದರೆ ಜಾತಿ ಕೇಳಿದ ಪಾಪ ತಟ್ಟುವುದಿಲ್ಲ. ಓದಿದವರು ಹೀಗೇ ಕೇಳುತ್ತಾರೆ.

“ಎರಡ ದಿವಸದ ಮಾತು, ಕಾಡವ್ವಾ. ಹೊಸಾ ಸಫಾಯಿ ಬಾಯಿ ಸಿಗೂತನಕಾ ನೀ ಒಂಚೂರು ನೋಡ್ಕೊ. ನಿಮ್ಮಂದಿಗೆ ರೂಢಿ ಇರತದಲ್ಲ,” ಅಂದರು ಸಾಹೇಬರು.

ಆ ಎರಡು ದಿವಸಕ್ಕೆ ಎಂಟು ತಿಂಗಳು ತುಂಬಿತ್ತು.

ದಿನಾ ಹನ್ನೊಂದೂ ಕಾಲಿಗೆ ಕಾಡವ್ವ ಕಂಪ್ಯೂಟರ್ ಬಿಟ್ಟು ಏಳಬೇಕು. ಚೂಡಿದಾರದ ಕಾಲು ಮಡಚಿ, ಓಢಣಿ ಸೊಂಟಕ್ಕೆ ಸುತ್ತಿ, ಬ್ರಶ್ಶು ಹಿಡಿದು ಕುಕ್ಕರಗಾಲಲ್ಲಿ ಕೂರಬೇಕು. ಹನ್ನೊಂದು ಜನರದು. ಆ್ಯಸಿಡ್ಡಿನ ಹೊಗೆಗೆ ಕಣ್ಣು ಉರಿಯುತ್ತಿತ್ತು. ಬೆರಳ ತುದಿಯ ಚರ್ಮ ಸುಲಿದು, ಕೀಬೋರ್ಡಿನ ಗುಂಡಿ ಒತ್ತಿದರೆ ಚುರ್ ಅನ್ನುತ್ತಿತ್ತು. ಎಷ್ಟು ಸಾಬೂನು ಹಚ್ಚಿದರೂ ಕೈಗೆ ವಾಸನೆ ಉಳಿದಂತೆ ಅನಿಸಿ, ಮಧ್ಯಾಹ್ನ ಚಮಚದಿಂದ ಉಣ್ಣತೊಡಗಿದಳು. ರೊಟ್ಟಿಯನ್ನು ಚಮಚದಿಂದ ಉಣ್ಣಲು ಬರುವುದಿಲ್ಲ. ಹಾಗಾಗಿ ರೊಟ್ಟಿ ಬಿಟ್ಟು ಅನ್ನ ಕಟ್ಟಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಕೇಳಿದರೆ, “ಬೆಳಗಾವ್ಯಾಗ ಎಲ್ಲಾರೂ ಅನ್ನಾನ ತರತಾರಪ್ಪ,” ಅಂದಿದ್ದಳು. ತಮ್ಮಣ್ಣ ಅದನ್ನೂ ದೊಡ್ಡಸ್ತಿಕೆ ಎಂದುಕೊಂಡು ಓಣಿಯಲ್ಲಿ ಹೇಳಿಬಂದ.

ಸಂಡಾಸ ತೊಳೆದ ಮೇಲೆ ಚಹಾ. ಕೆಳಗಿನ ಅಂಗಡಿಯಿಂದ ಬರುತ್ತದೆ. ಹತ್ತು ಗಾಜಿನ ಲೋಟ, ಒಂದು ಕಾಗದದ ಕಪ್ಪು. ಕಾಗದದ ಕಪ್ಪು ಯಾರಿಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಉಳಿದ ಹೊತ್ತೆಲ್ಲ ಅವಳ ಖರೇ ಕೆಲಸ. ಒಂದೊಂದು ಶಾಲೆಗೂ ಕಂಪ್ಯೂಟರಿನಲ್ಲಿ ಒಂದೊಂದು ಪ್ರಾಜೆಕ್ಟ್ ತೆರೆಯಬೇಕು. ಎಕ್ಸೆಲ್ ಶೀಟಿನಿಂದ ಊರು, ಹೆಡ್‌ಮಾಸ್ತರರ ಹೆಸರು, ಫೋನು, ಮಕ್ಕಳ ಸಂಖ್ಯೆ, ನೀರು ಎಲ್ಲಿಂದ, ಎಲ್ಲವನ್ನೂ ಒಂದೊಂದಾಗಿ ತುಂಬಬೇಕು. ಯಾವ ಕೆಲಸ ಯಾವ ತಾರೀಖಿಗೆ, ಯಾರ ಹೆಸರಿಗೆ ಎಂದು ಹಚ್ಚಬೇಕು. ಶೀಟಿನಲ್ಲಿ ನಾಲ್ಕಕ್ಕೊಂದು ಫೋನ್ ನಂಬರು ತಪ್ಪು. ಕಾಡವ್ವ ಊರವರಿಗೆ ಫೋನು ಮಾಡಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೇಳಿ ಸರಿ ಮಾಡುತ್ತಿದ್ದಳು. ಆದರೆ ಅವಳಿಗೆ ಸ್ವಂತದ ಲಾಗಿನ್ ಇರಲಿಲ್ಲ. “ನಿನಗ್ಯಾಕ ಬ್ಯಾರೆ? ನಂದ ವಾಪರಸು,” ಎಂದು ಸಾಹೇಬರು ತಮ್ಮದನ್ನೇ ಕೊಟ್ಟಿದ್ದರು. ಹಾಗಾಗಿ ಕಾಡವ್ವ ಏನೇ ಮಾಡಿದರೂ ಕಂಪ್ಯೂಟರಿನಲ್ಲಿ ಅವಧೂತ ಎಂದು ಬೀಳುತ್ತಿತ್ತು. ಹೋದ ವರ್ಷ ಒಬ್ಬರೇ ಕೂತು ತೊಂಬತ್ತು ಪ್ರಾಜೆಕ್ಟ್ ತೆರೆದದ್ದಕ್ಕೆ ಪುಣೆಯವರು ಸಾಹೇಬರಿಗೆ ಶಾಲು ಹೊದಿಸಿದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈ ಯಾರದು, ಬಾಯಿ ಯಾರದು ಎಂದು ಮಾತ್ರ ಹೇಳುವುದಿಲ್ಲ.

ಈ ವರ್ಷ ಶಾಲೆಗಳು ನೂರಾ ಎಂಬತ್ತಾರು. ಜುಲೈ ತಿಂಗಳ ಒಂದು ಬುಧವಾರ ಸಾಹೇಬರು ನಗುನಗುತ್ತ ಕಾಡವ್ವನ ಟೇಬಲ್ಲಿಗೆ ಬಂದರು. ಅವರು ನಗುತ್ತ ಬಂದರೆ ಯಾರದೋ ಕೊರಳಿಗೆ ಬಂತೆಂದೇ ಲೆಕ್ಕ.

“ಕಾಡವ್ವಾ, ಈ ಸಲ ನೀ ಕುಂತು ಟಕಟಕ ಹೊಡ್ಯೂದ ಬ್ಯಾಡ. ಎಐ ಅಸಿಸ್ಟೆಂಟ್ ತಗೊಂಡೀವಿ. ಶೀಟ್ ಕೊಟ್ಟರ ಎಲ್ಲಾ ಪ್ರಾಜೆಕ್ಟ್ ತಾನ ತೆರೀತದ. ಹತ್ತ ಮಿನಿಟಿನ ಕೆಲಸ. ಆದ್ರ ಅದಕ್ಕ ರೀತಿ ತಿಳೀಬೇಕಲ್ಲ? ನೀ ಮುಂಜಾನಿಂದ ಸಂಜೀತನಕಾ ಏನೇನ ಮಾಡ್ತಿ, ನಂಬರ್ ಹಚ್ಚಿ ಬರದ ಕೊಡು. ಒಂದೂ ಬಿಡಬ್ಯಾಡ.”

“ಎಲ್ಲಾನೂ ಬರೀಲೇನ್ರಿ?”

“ಎಲ್ಲಾ ಅಂದ್ರ ಎಲ್ಲಾ. ಏನರ ಬಿಟ್ಟಿ ಅಂದ್ರ ಅದು ತಪ್ಪ ಮಾಡ್ತದ. ಅವಾಗ ಜವಾಬ್ದಾರಿ ನಿಂದು.”

“ಮುಂದ ನಾ ಏನ ಮಾಡ್ಲಿರಿ, ಸರ್?”

ಸಾಹೇಬರು ಇನ್ನಷ್ಟು ನಕ್ಕರು. “ಆಗಸ್ಟ್ ಒಂದರಿಂದ ನಿನಗ ಆರಾಮ. ಕಂಪ್ಯೂಟರ್ ಕೆಲಸ ಅದು ನೋಡ್ಕೋತದ. ಆದ್ರ ಆ ಇನ್ನೊಂದ ಕೆಲಸ ಅದಲ್ಲ, ಅದು ಎಐಗೆ ಬರೂದಿಲ್ಲ. ಅದಕ್ಕ ನೀ ಅರ್ಧಾ ದಿವಸ ಬಂದ ಹೋಗು. ಪೂರ್ತಿ ಕೈ ಬಿಡಂಗಿಲ್ಲ ನಾವು.”

ಬಿ.ಕಾಂ. ಓದಿದ್ದು ಯಂತ್ರಕ್ಕೆ ಹೋಯಿತು, ಹುಟ್ಟಿದ ಓಣಿ ಕಾಡವ್ವನಿಗೆ ಉಳಿಯಿತು. ಕುರ್ಚಿ ಹೋಗುತ್ತದೆ, ಬ್ರಶ್ಶು ಇರುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾಕೆ ಎನ್ನುವವರನ್ನು ಅವಳು ನೋಡಿದ್ದಳು. ಅಂಬಿಗನ ಹುಟ್ಟು ಕಸಿದುಕೊಂಡು ದೋಣಿ ತೊಳೆಯಲು ಇಟ್ಟುಕೊಳ್ಳುವವರನ್ನು ಇವತ್ತೇ ನೋಡಿದ್ದು.

ಬರೆಯಲು ಕೂತಳು. ಮೊದಲು ಸುಮ್ಮನೆ ಬರೆದಳು. ‘ಒಂದು: ಬೆಳಿಗ್ಗೆ ಸಾಹೇಬರ ಲಾಗಿನ್ ತೆರೆಯುವುದು. ಪಾಸ್‌ವರ್ಡ್ ಸಾಹೇಬರಿಗೆ ನೆನಪಿರುವುದಿಲ್ಲ, ನನ್ನನ್ನು ಕೇಳಬೇಕು. ಎರಡು: ಶೀಟಿನಲ್ಲಿ ಒಂದೇ ಶಾಲೆ ಎರಡು ಸಲ ಬಂದಿದೆಯೇ ನೋಡುವುದು. ಮೂರು: ಹೆಡ್‌ಮಾಸ್ತರರ ನಂಬರಿಗೆ ಫೋನು ಮಾಡಿ ನೋಡುವುದು. ತಪ್ಪಿದ್ದರೆ ಊರಿನ ಅಂಗನವಾಡಿ ಟೀಚರಿಗೆ ಕೇಳುವುದು.’ ಹೀಗೆ ಎಂಟರ ತನಕ ಕೈ ಓಡಿತು.

ಒಂಬತ್ತಕ್ಕೆ ನಿಂತಿತು. ಹೊತ್ತು ಹನ್ನೊಂದೂ ಕಾಲು.

ಎಂಟು ತಿಂಗಳಲ್ಲಿ ಆ ಕೆಲಸವನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಗೆಳತಿಗೂ ಇಲ್ಲ, ಅಪ್ಪನಿಗಂತೂ ಇಲ್ಲವೇ ಇಲ್ಲ. ಬಾಯಲ್ಲೇ ಇರದ ಕೆಲಸ ಕಾಗದದ ಮೇಲೆ ಎಲ್ಲಿಂದ ಬರಬೇಕು? ನಾಚಿಕೆಯಾಯಿತು. ಆಮೇಲೆ, ನಾನು ಯಾಕೆ ನಾಚಬೇಕು ಎಂದು ಸಿಟ್ಟು ಬಂತು. ಮಾಡಿಸಿದವರು ದಿನಾ ತಲೆ ಬಾಚಿಕೊಂಡು ಅತ್ತರು ಹಚ್ಚಿಕೊಂಡು ಬರುತ್ತಾರೆ. ಎಲ್ಲಾ ಅಂದ್ರ ಎಲ್ಲಾ ಅಂದಿದ್ದಾರೆ. ತಗೊಳ್ರಿ ಹಾಗಾದರೆ.

‘ಒಂಬತ್ತು: ಹನ್ನೊಂದೂ ಕಾಲಿಗೆ ಆಫೀಸಿನ ಸಂಡಾಸ ತೊಳೆಯುವುದು. ಬ್ರಶ್ಶು ಬಾಗಿಲ ಹಿಂದೆ ಇದೆ. ಆ್ಯಸಿಡ್ ಹಾಕಿ ಹತ್ತು ನಿಮಿಷ ಬಿಡಬೇಕು. ಉಸಿರು ಹಿಡಿಯಬೇಕು. ಮೂಲೆ ಮರೆಯಬಾರದು. ಭಾನುವಾರ ಬಿಟ್ಟು ಪ್ರತಿದಿನ.’

ಅದೊಂದು ಬರೆದದ್ದೇ ತಡ, ಕಟ್ಟೆ ಒಡೆದ ಹಾಗಾಯಿತು. ‘ಹತ್ತು: ಕಾಗದದ ಕಪ್ಪಿನಲ್ಲಿ ಚಹಾ ಕುಡಿಯುವುದು. ಗಾಜಿನ ಲೋಟ ಮುಟ್ಟದಿರುವುದು.’ ‘ಹದಿನೇಳು: ನಿರ್ದೇಶಕಿ ಶುಭದಾ ಮೇಡಂ ಕೇಳಿದರೆ ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ ಎಂದು ಹೇಳುವುದು. ಸಾಹೇಬರು ಆಗ ಒಳಗಿನ ರೂಮಿನಲ್ಲಿ ಮಲಗಿರುತ್ತಾರೆ, ನಾಲ್ಕಕ್ಕೆ ಎಬ್ಬಿಸಬೇಕು.’ ‘ಇಪ್ಪತ್ತೆರಡು: ಸಾಹೇಬರು ಮಾಡಿದ ತಪ್ಪನ್ನು ಸರಿಮಾಡಿ, ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುವುದು.’ ಒಟ್ಟು ಮೂವತ್ಮೂರು ಆದವು. ಕೊನೆಗೆ ‘ಬರೆದವರು: ಕಾಡವ್ವ ತಮ್ಮಣ್ಣ, ಖಾನಾಪುರ’ ಎಂದು ಹಾಕಿದಳು. ಆ ಆಫೀಸಿನ ಕಂಪ್ಯೂಟರಿನಲ್ಲಿ ಅವಳ ಹೆಸರು ಬಿದ್ದದ್ದು ಅದೇ ಮೊದಲು.

ಸಾಹೇಬರು ನಾಲ್ಕು ಹಾಳೆಯ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಸರಿಸಿದರು. “ಅಬಬಬ, ಎಷ್ಟ ಉದ್ದ ಬರದಿ! ಶಾಬಾಸ್!” ಅಂದರು. ಒಂದು ಸಾಲನ್ನೂ ಓದಲಿಲ್ಲ. ಕಾಡವ್ವ ಬರೆದದ್ದನ್ನು ಓದಬೇಕಾಗುತ್ತದೆ ಎಂದು ಅವರಿಗೆ ಯಾವತ್ತೂ ಅನಿಸಿರಲಿಲ್ಲ.

ಸೋಮವಾರ ದೊಡ್ಡ ಟಿವಿಯ ಮುಂದೆ ಎಲ್ಲರನ್ನೂ ಕೂರಿಸಿದರು. ಸಂಸ್ಥೆಯ ನಿರ್ದೇಶಕಿ ಶುಭದಾ ಮೇಡಂ ರೇಶ್ಮೆ ಸೀರೆ ಉಟ್ಟು ನಡುವಿನ ಕುರ್ಚಿಯಲ್ಲಿದ್ದರು. ಕಾಡವ್ವ ಬಾಗಿಲ ಹತ್ತಿರ ನಿಂತಿದ್ದಳು, ಕುರ್ಚಿ ಹತ್ತೇ ಇದ್ದವು. ಸಾಹೇಬರು ಶೀಟು ಹಾಕಿದರು, ಪಟ್ಟಿ ಹಾಕಿದರು. “ಈ ರೀತಿಪ್ರಕಾರ ನೂರಾ ಎಂಬತ್ತಾರೂ ಪ್ರಾಜೆಕ್ಟ್ ತೆರೆ,” ಎಂದು ಟೈಪು ಮಾಡಿ, ಜಾದೂ ಮಾಡುವವನಂತೆ ಕೈ ಎತ್ತಿದರು.

ಎಐ ಕೂಡಲೇ ಕೆಲಸಕ್ಕೆ ಹತ್ತಲಿಲ್ಲ. ತಿರುಗಿ ಕೇಳಿತು. ಟಿವಿಯ ತುಂಬ ಅಕ್ಷರ ಮೂಡಿದವು. ಪಟ್ಟಿಯಲ್ಲಿ ಮೂವತ್ಮೂರು ಕೆಲಸಗಳಿವೆ, ಅವುಗಳಲ್ಲಿ ಕೆಲವು, ಉದಾಹರಣೆಗೆ ಸಂಖ್ಯೆ ಒಂಬತ್ತು, ಶಾಲೆಯ ಪ್ರಾಜೆಕ್ಟಿಗೆ ಸೇರಿದಂತೆ ಕಾಣುವುದಿಲ್ಲ, ಎಲ್ಲವನ್ನೂ ಇಡಬೇಕೇ? ಇವನ್ನು ಮಾಡುತ್ತಿರುವ ಕಾಡವ್ವ ಅವರಿಗೆ ಲಾಗಿನ್ ಇಲ್ಲ, ಕೆಲಸ ಯಾರ ಹೆಸರಿಗೆ ಹಚ್ಚಲಿ? ದಿನದ ನೆನಪೋಲೆಯನ್ನು ಹೆಡ್‌ಮಾಸ್ತರರಿಗೂ ಕಳಿಸಬೇಕೇ? ಮೊದಲು ಒಂದೇ ಶಾಲೆಗೆ ಮಾಡಿ ತೋರಿಸುತ್ತೇನೆ, ನೀವು ನೋಡಿ ಹೇಳಿದ ಮೇಲೆ ಉಳಿದವು, ಆದೀತೇ?

ಆ ಆಫೀಸಿನಲ್ಲಿ ಕಾಡವ್ವನಿಗೆ ‘ಅವರು’ ಅಂದ ಮೊದಲ ಪ್ರಾಣಿ ಅದು. ಪ್ರಾಣಿ ಕೂಡ ಅಲ್ಲ.

“ಸರ್, ಅದು ಏನೋ ಕೇಳಾಕತ್ತೈತ್ರಿ,” ಅಂದಳು ಕಾಡವ್ವ ಬಾಗಿಲಿನಿಂದ. “ಒಂಬತ್ತನೇದು…”

“ನೀ ಸುಮ್ನಿರು, ಕಾಡವ್ವಾ. ದೊಡ್ಡವ್ರ ಮೀಟಿಂಗ್ ನಡದದ.”

ಮೇಡಂ ಮುಂದೆ ಯಂತ್ರ ಪ್ರಶ್ನೆ ಕೇಳುವುದು ಸಾಹೇಬರಿಗೆ ಅವಮಾನ ಎನಿಸಿತು. ಪ್ರಶ್ನೆ ಓದುತ್ತ ಕೂತರೆ ಹತ್ತು ನಿಮಿಷದ ಜಾದೂ ಹನ್ನೊಂದಾಗುತ್ತದೆ. ಟಪಟಪನೆ ಬಡಿದರು: ‘ಎಲ್ಲಾ ಇಡು. ಎಲ್ಲಾ ನನ್ನ ಹೆಸರಿಗೇ ಹಚ್ಚು. ಎಲ್ಲರಿಗೂ ಕಳಿಸು. ಟ್ರಯಲ್ ಬೇಡ.’ ಎಲ್ಲಾ ತಮ್ಮ ಹೆಸರಿಗೇ ಯಾಕೆಂದರೆ ಈ ಸಲ ಶಾಲಿನ ಜೊತೆ ಪ್ರಮೋಶನ್ನಿನ ಮಾತೂ ಇತ್ತು.

ಎಂಟೇ ನಿಮಿಷದಲ್ಲಿ ನೂರಾ ಎಂಬತ್ತಾರು ಪ್ರಾಜೆಕ್ಟು ತೆರೆದವು. ಚಪ್ಪಾಳೆ ಬಿತ್ತು. ಮೇಡಂ ಬಾಯಿ ಸಿಹಿಗೆಂದು ಕುಂದಾ ತರಿಸಿದರು. ಹತ್ತು ಜನರಿಗೆ ಸ್ಟೀಲಿನ ತಟ್ಟೆಯಲ್ಲಿ, ಕಾಡವ್ವನಿಗೆ ನೋಟ್‌ಬುಕ್ಕಿನ ಹಾಳೆಯಲ್ಲಿ. ಕುಂದಾ ಚೆನ್ನಾಗಿತ್ತು. ಅದರ ತಪ್ಪೇನಿಲ್ಲ.

ಮರುದಿವಸ ಹನ್ನೊಂದೂ ಕಾಲಿಗೆ ಸಾಹೇಬರ ಫೋನು ಟಿಣ್ ಅಂದಿತು. ಮತ್ತೆ ಟಿಣ್. ಮತ್ತೆ. ಒಂದು ಶಾಲೆಗೆ ಒಂದರಂತೆ ನೂರಾ ಎಂಬತ್ತಾರು ಸಲ. ಅದು ಟೇಬಲ್ಲಿನ ಮೇಲೆ ನಡುಗುತ್ತ ನಡುಗುತ್ತ ಅಂಚಿಗೆ ಬಂದು ಕೆಳಗೆ ಬಿತ್ತು. ಎತ್ತಿಕೊಂಡು ನೋಡಿದರೆ ಎಲ್ಲದರಲ್ಲೂ ಒಂದೇ ಸಾಲು: ‘ಅವಧೂತ ಅವರು ಈಗ ಆಫೀಸಿನ ಸಂಡಾಸ ತೊಳೆಯಬೇಕಾಗಿದೆ. ಮೂಲೆ ಮರೆಯಬಾರದು.’

ಅದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಹೆಡ್‌ಮಾಸ್ತರರ ಫೋನುಗಳು ಹತ್ತಿದವು. ಮೊದಲನೆಯದು ದುಂಡಪ್ಪ ಮಾಸ್ತರರದು. ಮೂವತ್ತು ವರ್ಷ ಸರಕಾರಿ ಸುತ್ತೋಲೆಗೆ ಉತ್ತರ ಬರೆದು ಬರೆದು ಸವೆದವರು, ಬಂದ ಕಾಗದಕ್ಕೆ ಉತ್ತರ ಕೊಡದೆ ಬಿಡುವವರಲ್ಲ.

“ನಮಸ್ಕಾರ್ರಿ ಸಾಹೇಬ್ರ. ತಾವು ಸಂಡಾಸ ತೊಳೀಬೇಕಂತ ಮೆಸೇಜ ಬಂದೈತ್ರಿ. ‘ಮುಗಿದಿದೆಯೇ?’ ಅಂತ ಕೇಳೈತಿ. ಹೌದು ಒತ್ತಲೋ, ಇಲ್ಲಾ ಒತ್ತಲೋ? ಮುಗದಿದ್ರ ಹೇಳ್ರಿ, ನಮ್ಮ ಕಡಿಂದ ತಡಾ ಆಗೂದ ಬ್ಯಾಡ.”

ಲೋಂಡಾ ಕಡೆಯ ಮುಖ್ಯ ಶಿಕ್ಷಕಿಯೊಬ್ಬರು ಮರಾಠಿಯಲ್ಲಿ ಬಹಳ ಕನಿಕರದಿಂದ ಕೇಳಿದರು, “ಸಾಹೇಬ, ತುಮ್ಹಾಲಾ ಕಾಗದಾಚ್ಯಾ ಕಪಾತ್ ಚಹಾ ದೇತಾತ್ ಕಾ ಹೋ?” ನಿಮಗೆ ಕಾಗದದ ಕಪ್ಪಿನಲ್ಲಿ ಚಹಾ ಕೊಡುತ್ತಾರೆಯೇ ಎಂದು. ಜಾಂಬೋಟಿ ಕಡೆಯ ಮಾಸ್ತರರಿಗೆ ದಿನಕ್ಕೊಮ್ಮೆ ಗುಡ್ಡ ಹತ್ತಿದಾಗ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಅವರಿಗೆ ಅವತ್ತಿನ ಮೆಸೇಜು, ಪೂರ್ತಿ ಪಟ್ಟಿ, ಎಲ್ಲ ಒಮ್ಮೆಲೇ ಬಂದವು. ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಮೇಲೆ ನಿಂತೇ ಅಷ್ಟನ್ನೂ ಓದಿ ಫೋನು ಮಾಡಿದರು. “ಒಬ್ಬ ಮನಷ್ಯಾನ ಕೈಲೆ ಇಷ್ಟ ಮಾಡಸ್ತಾರೇನ್ರಿ? ಸಂಡಾಸ ತೊಳಿಬೇಕು, ಫೋನ ಹಚ್ಚಬೇಕು, ಮ್ಯಾಲ ಇನ್ನೊಬ್ಬರ ತಪ್ಪ ತಾ ಒಪ್ಪಬೇಕು! ನೀವು ಒಂದ ಕಂಪ್ಲೇಂಟ್ ಕೊಡ್ರಿ ಸಾಹೇಬ್ರ. ಸಾಕ್ಷಿಗೆ ನಾ ಬರ್ತೇನಿ.”

ಮೂರು ಗಂಟೆಗೆ ಹದಿನೇಳನೇ ನಂಬರು ಶುಭದಾ ಮೇಡಂಗೂ ಮುಟ್ಟಿತು. ಮೇಡಂ ಎದ್ದು ಹೋಗಿ ಒಳಗಿನ ರೂಮಿನ ಬಾಗಿಲು ತೆರೆದು, ಅಲ್ಲಿದ್ದ ದಿಂಬನ್ನು ಕಣ್ಣಾರೆ ನೋಡಿ ಬಂದರು.

ಸಾಹೇಬರು ಕಾಡವ್ವನ ಮುಂದೆ ಬಂದು ಒದರಿದರು. “ಏನ ಬರದಿ ನೀನು? ಮಾನಾ ಮೂರ ಕಾಸಿಗೆ ಹೋತು ನನ್ನದು!”

“ನೀವ ಎಲ್ಲಾ ಬರಿ ಅಂದ್ರಿ, ಸರ್. ಬರದೆ. ಸುಳ್ಳ ಯಾವುದೈತಿ ಹೇಳ್ರಿ, ಅಳಸ್ತೀನಿ.”

ಸಾಹೇಬರು ಬಾಯಿ ತೆರೆದರು. ಬಂದ ಮೆಸೇಜುಗಳಲ್ಲಿ ಸುಳ್ಳು ಒಂದೂ ಸಿಗಲಿಲ್ಲ. ತಮ್ಮ ಟೇಬಲ್ಲಿಗೆ ತಿರುಗಿ ಹೋದರು.

ಸಂಜೆಗೆ ಪುಣೆಯಿಂದ ಮೂರು ಸಾಲಿನ ಮೇಲ್ ಬಂತು. ಒಂಬತ್ತನೇ ನಂಬರಿನ ನೂರಾ ಎಂಬತ್ತಾರು ಕೆಲಸ ಬಾಕಿ ಕಾಣುತ್ತಿವೆ. ಮಾಡಿ ಮುಗಿಸಿದ ಫೋಟೊ ಹಾಕಿ ಮುಚ್ಚಿರಿ. ಇಲ್ಲವಾದರೆ ತೆಗೆಯಲು ಕಾರಣ ಬರೆದು ಸಹಿ ಮಾಡಿ ಕಳಿಸಿರಿ, ಶುಕ್ರವಾರದೊಳಗೆ. ಫೋಟೊ ಇಲ್ಲದೆ ಕೆಲಸ ಮುಗಿದದ್ದಾಗುವುದಿಲ್ಲ ಎನ್ನುವ ಈ ನಿಯಮವನ್ನು ಹಳ್ಳಿಯ ಮಾಸ್ತರರು ಮೋಸ ಮಾಡುತ್ತಾರೆಂದು ಎರಡು ವರ್ಷದ ಹಿಂದೆ ತಂದವರು ಸ್ವತಃ ಅವಧೂತ ಸಾಹೇಬರು. ಮಾಡಿದ್ದುಣ್ಣೋ ಮಹರಾಯ.

ಅವತ್ತು ಖಾನಾಪುರದ ಬಸ್ಸಿನಲ್ಲಿ, ಪೀರನವಾಡಿ ದಾಟುವಾಗ, ಕಾಡವ್ವನ ಫೋನಿಗೆ ಅಪ್ಪನ ಕರೆ ಬಂತು. ಹೆಡ್‌ಮಾಸ್ತರರೊಬ್ಬರು ಮೆಸೇಜಿನ ಜೊತೆ ಬಂದ ಪಟ್ಟಿಯ ಕೊನೆಯ ಸಾಲು ಓದಿ ಗುರುತು ಹಿಡಿದು, ಕಸದ ಗಾಡಿಯ ಮೇಲಿದ್ದ ತಮ್ಮಣ್ಣನನ್ನು ನಿಲ್ಲಿಸಿ ಪೂರ್ತಿ ಓದಿ ಹೇಳಿದ್ದರು.

“ಯವ್ವಾ, ಆ ಪಟ್ಟಿ ನೀ ಬರದದ್ದಂತ?”

“ಹೂಂ, ಅಪ್ಪ.”

“ಒಂಬತ್ತನೇದು ಇಷ್ಟ ದಿವಸ ಯಾರ ಮಾಡತಿದ್ರು?”

ಕಾಡವ್ವನಿಗೆ ಕಣ್ಣೀರು ಬಂತು. ಬಾಜೂ ಕೂತ ಹೆಂಗಸು ನೋಡಿದಳು, ನೋಡಲಿ ಎಂದುಕೊಂಡಳು.

“ಅದಕ್ಕ ಅನ್ನಾ ಒಯ್ಯಾಕತ್ತಿದ್ದೇನು,” ಅಂದ ತಮ್ಮಣ್ಣ. “ನನಗ್ಯಾಕ ಹೇಳಲಿಲ್ಲಂತ ಕೇಳಂಗಿಲ್ಲ. ನಾನೂ ನಿಮ್ಮವ್ವಗ ಎಷ್ಟೋ ಹೇಳಿಲ್ಲ. ಹೊಟ್ಟಿ ಎಲ್ಲಾ ಮಾಡಸ್ತೈತಿ. ಒಂದ ಹೇಳು. ನಾಳಿಗೂ ಮಾಡತಿಯೇನು?”

“ಇಲ್ಲಪ್ಪ.”

“ಕೆಲಸ ಹೋದ್ರ?”

“ಹೋಗಲಿ.”

“ಹಂಗಾದ್ರ ನಾಳಿ ರೊಟ್ಟಿ ಕಟಗೊಂಡ ಹೋಗು,” ಎಂದು ಫೋನು ಇಟ್ಟ.

ಬುಧವಾರ ಹನ್ನೊಂದೂ ಕಾಲಾಯಿತು. ಕಾಡವ್ವ ಕುರ್ಚಿಯಿಂದ ಏಳಲಿಲ್ಲ. ಹನ್ನೊಂದೂವರೆಯಾಯಿತು. ಏಳಲಿಲ್ಲ. ಗುರುವಾರವೂ ಏಳಲಿಲ್ಲ. ಆಷಾಢದ ಮಳೆ, ಮುಚ್ಚಿದ ಕಿಟಕಿ, ಹನ್ನೊಂದು ಜನ. ಗುರುವಾರ ಸಂಜೆಗೆ ಮೇಡಂ ಮೂಗಿಗೆ ಸೆರಗು ಹಿಡಿದು ಓಡಾಡುತ್ತಿದ್ದರು. ಉಳಿದವರು ಒಬ್ಬೊಬ್ಬರಾಗಿ ಕೆಳಗಿನ ಬೇಕರಿಗೆ ಹೋಗಿ, ಅವರ ಸಂಡಾಸ ಕೇಳಿ, ಕೇಳಿದ ಮುಜುಗರಕ್ಕೆ ಖಾರಿ ಬಿಸ್ಕತ್ತು ಕೊಂಡು ಬರುತ್ತಿದ್ದರು. ಆಫೀಸಿನ ತುಂಬ ಖಾರಿ ಬಿಸ್ಕತ್ತು. ಯಾರೂ ಬ್ರಶ್ಶು ಮುಟ್ಟಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಡಂ, ಸಾಹೇಬರು, ಕಾಡವ್ವ ಮೂವರೂ ಕಂಪ್ಯೂಟರಿನ ಮುಂದೆ ಸೇರಿದರು. ಈ ಸಲ ಸಾಹೇಬರು ಯಂತ್ರವನ್ನು ಬೇಡಿಕೊಳ್ಳುವಂತೆ ಟೈಪು ಮಾಡಿದರು: ಬೇಡದ್ದೆಲ್ಲ ತೆಗೆ.

ತೆಗೆಯುತ್ತೇನೆ, ಮೂವತ್ಮೂರರಲ್ಲಿ ಯಾವುದು ಕೆಲಸ, ಯಾವುದು ಕೆಲಸವಲ್ಲ ಎಂದು ಗುರುತು ಹಾಕಿರಿ, ಪ್ರತಿಯೊಂದಕ್ಕೂ ಕಾರಣ ಬರೆಯಿರಿ ಎಂದಿತು ಅದು. ಇನ್ನೊಂದು ವಿಷಯವನ್ನೂ ಮುಂದಿಟ್ಟಿತು. ಶೀಟಿನಲ್ಲಿ ನಲವತ್ತೆಂಟು ಫೋನ್ ನಂಬರು ತಪ್ಪಿರುವಂತಿದೆ, ಕಾಡವ್ವ ಅವರ ಪಟ್ಟಿಯ ಮೂರನೇ ಸಂಖ್ಯೆಯ ಪ್ರಕಾರ ಊರಿಗೆ ಫೋನು ಮಾಡಿ ಕೇಳಬೇಕು, ಅದು ನನ್ನಿಂದಾಗದು, ಯಾರು ಮಾಡುತ್ತೀರಿ?

“ಒಂಬತ್ತನೇದಕ್ಕ ಬರೀರಿ, ಮೇಡಂ, ಇದು ಅವಧೂತ ಅವರ ಕೆಲಸ ಅಲ್ಲ,” ಅಂದರು ಸಾಹೇಬರು.

“ಮತ್ತ ಯಾರದು ಅಂತ ಪುಣೆದವ್ರು ಕೇಳ್ತಾರ,” ಅಂದರು ಮೇಡಂ.

“ಕಾಡವ್ವನ…” ಅನ್ನುತ್ತಿದ್ದವರು ಅರ್ಧಕ್ಕೆ ನಿಂತರು.

ಮೇಡಂ ಅವರನ್ನೇ ನೋಡಿದರು. “ಬರೀರಿ. ಆಪರೇಟರ್ ಅಂತ ತಗೊಂಡ ಹುಡಿಗಿ ಕೈಲೆ ಎಂಟ ತಿಂಗಳ ಸಂಡಾಸ ತೊಳಸೀವಿ, ಅಂತ ಬರೀರಿ. ಹನ್ನೊಂದ ಮಂದ್ಯಾಗ ಆಕೀನ ಯಾಕ ಅಂತ ಕೇಳಿದ್ರ ಅದನ್ನೂ ಬರೀರಿ. ಕೆಳಗ ನನ್ನ ಸಹಿ ಬ್ಯಾರೆ ಬೇಕಂತ. ಕೇಸ್ ಆದ್ರ ಇಬ್ರೂ ಹಿಂಡಲಗಾಕ್ಕ ಕೂಡೇ ಹೋಗೂಣಂತ, ನಡೀರಿ.”

ಹಿಂಡಲಗಾದಲ್ಲಿ ಜೈಲು ಇದೆ. ಸಾಹೇಬರು ಬೆವರಿದರು. ಮೇಡಂಗೆ ನ್ಯಾಯ ನೆನಪಾದದ್ದು ತಮ್ಮ ಸಹಿ ಬೇಕು ಅಂದಾಗ. ಎಂಟು ತಿಂಗಳು ಅವರೂ ಅದೇ ಸಂಡಾಸಕ್ಕೆ ಹೋಗಿ ಬಂದವರೇ, ಯಾರು ತೊಳೆಯುತ್ತಾರೆಂದು ಗೊತ್ತಿದ್ದವರೇ.

“ಕಾಡವ್ವಾ, ಒಂದ ಕೆಲಸ ಮಾಡೂಣು,” ಎಂದು ಸಾಹೇಬರು ದನಿ ತಗ್ಗಿಸಿದರು. “ಇವತ್ತೊಂದಿನ ನೀ ತೊಳದ ಬಿಡು. ನಾ ಬಾಜೂಕ ಬ್ರಶ್ ಹಿಡಕೊಂಡ ನಿಂದರ್ತೀನಿ. ಫೋಟೊ ಹೊಡದ ಹಾಕೂಣು. ಯಾರಿಗ್ಯಾಕ ತಿಳೀತದ?”

“ಇಲ್ರಿ.”

“ಬರೇ ಇವತ್ತೊಂದಿನ.”

“ಇಲ್ಲ ಅಂದೆನ್ರಿ.”

ಎರಡೇ ಸಾರಿ ಅಂದಳು. ದನಿ ಏರಿಸಲಿಲ್ಲ. ಹೊರಗೆ ಕೂತ ಎಂಟು ಜನರಿಗೂ ಕೇಳಿಸಿತು, ಯಾಕೆಂದರೆ ಎಂಟೂ ಜನ ಉಸಿರು ಹಿಡಿದು ಅದನ್ನೇ ಕೇಳುತ್ತಿದ್ದರು.

“ನಿನಗ ಏನ ಬೇಕ ಹೇಳು,” ಅಂದರು ಮೇಡಂ.

“ನನ್ನ ಹೆಸರಿಲೆ ಲಾಗಿನ್ ಬೇಕ್ರಿ. ಆ ನಲವತ್ತೆಂಟ ಊರಿಗೆ ನಾ ಫೋನ ಮಾಡ್ತೀನಿ, ಆದ್ರ ಅದು ನನ್ನ ಹೆಸರಿಲೇನ ಬೀಳಬೇಕು. ಆ ಯಂತ್ರಾ ನನ್ನ ಟೇಬಲ್ಲಿಗೆ ಕೊಡ್ರಿ, ನಾ ನಡಸ್ತೀನಿ. ಅದು ಕೇಳಿದ್ದಕ್ಕ ಓದಿ ಉತ್ತರಾ ಕೊಡವ್ರು ಒಬ್ರರ ಬೇಕಲ್ಲ? ಅರ್ಧಾ ದಿವಸದ ಮಾತ ಬ್ಯಾಡ. ಪತ್ರದಾಗ ಇದ್ದದ್ದ ಮಾಡ್ತೀನಿ, ಇಲ್ಲದ್ದ ಮಾಡಂಗಿಲ್ಲ. ಇದನ್ನ ಬರದ ಕೊಡ್ರಿ.”

“ಬರದ ಯಾಕ? ಬಾಯಿಲೆ ಹೇಳಿದ್ರ ಸಾಲದೇನು?”

“ಎರಡ ದಿವಸ ಅಂತ ಬಾಯಿಲೆನ ಹೇಳಿದ್ರಿ, ಮೇಡಂ.”

ಮೇಡಂ ಗಡಿಯಾರ ನೋಡಿದರು. ಐದರೊಳಗೆ ಪುಣೆಗೆ ಉತ್ತರ ಹೋಗಬೇಕಿತ್ತು. ಹಾಳೆ ಎಳೆದುಕೊಂಡು ಬರೆದರು, ಸಹಿ ಮಾಡಿದರು, ಸಿಕ್ಕಾ ಒತ್ತಿದರು. ಅಲ್ಲೇ ಕೂತು ಲಾಗಿನ್ ಮಾಡಿಸಿದರು. ಕಾಡವ್ವ ತನ್ನ ಹೆಸರನ್ನು ತಾನೇ ಟೈಪು ಮಾಡಿದಳು. ಸುಲಿದ ಬೆರಳು ಚುರ್ ಅಂದಿತು, ಅಂದರೂ ಹಿತವಾಗಿತ್ತು.

“ಮತ್ತ ಒಂಬತ್ತನೇದು?” ಅಂದರು ಸಾಹೇಬರು.

“ಕಾರಣ ಬರೀತೀರೋ, ತೊಳೀತೀರೋ, ನೀವ ನೋಡ್ರಿ,” ಅಂದರು ಮೇಡಂ. ಮೂಗಿನ ಮೇಲಿನ ಸೆರಗು ತೆಗೆಯದೆಯೇ ಅಂದರು.

ಸಾಹೇಬರು ಹಾಳೆ ಎಳೆದುಕೊಂಡು ಪೆನ್ನು ತೆಗೆದರು. ಕಾರಣ ಬರೆದರೆ ಜಾತಿ ಬರೆಯಬೇಕು. ಎದ್ದರು. ಇಸ್ತ್ರಿಯ ಪ್ಯಾಂಟನ್ನು ಮೊಳಕಾಲ ತನಕ ಮಡಚಿದರು. ಕೈಗಡಿಯಾರ ಬಿಚ್ಚಿ ಟೇಬಲ್ಲಿನ ಮೇಲಿಟ್ಟರು. ಒಳಗೆ ಕಾಲಿಟ್ಟವರೇ ವಾಕ್ ಎಂದು ಹೊರಗೆ ಬಂದರು. ಮತ್ತೆ ಹೋದರು. ಎಲ್ಲರೂ ಬಾಗಿಲ ಮುಂದೆ ಗಾಜಿನ ಲೋಟ ಹಿಡಿದು ಸೇರಿಬಿಟ್ಟಿದ್ದರು. ಚಹಾ ಯಾರೂ ಕುಡಿಯುತ್ತಿರಲಿಲ್ಲ.

“ಆ್ಯಸಿಡ್ ಎಷ್ಟ ಹಾಕೂದು?” ಒಳಗಿನಿಂದ ಸಾಹೇಬರ ದನಿ.

“ಪಟ್ಟ್ಯಾಗ ಬರದೀನ್ರಿ ಸರ್, ಓದ್ರಿ,” ಅಂದಳು ಕಾಡವ್ವ.

ಪಟ್ಟಿಯನ್ನು ಸಾಹೇಬರು ಅವತ್ತು ಮೊದಲ ಸಲ ಓದಿದರು. ಸಂಡಾಸದಲ್ಲಿ ನಿಂತು, ಮೊಬೈಲಿನಲ್ಲಿ, ಒಂಬತ್ತನೇ ನಂಬರನ್ನು ಪೂರ್ತಿ. ಆ್ಯಸಿಡ್ ಹಾಕಿದರು. ಹತ್ತು ನಿಮಿಷ ಬಿಟ್ಟರು. ಉಸಿರು ಹಿಡಿದರು. ಕುಕ್ಕರಗಾಲಲ್ಲಿ ಕೂತು ತಿಕ್ಕಿದರು. ಮೊಳಕಾಲು ಲಟಕ್ಕೆಂದಿತು. ಯಾರೋ ಹೆಡ್‌ಮಾಸ್ತರರ ಫೋನು ಎರಡು ಸಲ ಬಂದು ನಿಂತಿತು.

ಕಾಡವ್ವ ಬಾಗಿಲಲ್ಲಿ ನಿಂತು ಫೋನಿನ ಕ್ಯಾಮೆರಾ ಹಿಡಿದಳು. ನೋಡಿದಳು. ಇಳಿಸಿದಳು.

“ಮೂಲಿ ಬಿಟ್ಟೀರಿ, ಸರ್.”

ಸಾಹೇಬರು ಮೂಲೆ ತಿಕ್ಕಿದರು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಬಿತ್ತು. ಅವಳು ಫೋಟೊ ಹೊಡೆದಳು. ನೂರಾ ಎಂಬತ್ತಾರು ಪ್ರಾಜೆಕ್ಟಿಗೂ ಅದೊಂದೇ ಫೋಟೊ ಹಚ್ಚಲು ತನ್ನ ಲಾಗಿನ್ನಿನಿಂದಲೇ ಯಂತ್ರಕ್ಕೆ ಹೇಳಿದಳು. ಅದು ಒಂದೇ ಪ್ರಶ್ನೆ ಕೇಳಿತು: ಇದು ಇವತ್ತಿನದು ಮಾತ್ರ, ಅಲ್ಲವೇ? ಕಾಡವ್ವ ಅದನ್ನು ಪೂರ್ತಿ ಓದಿ ಹೌದು ಎಂದು ಒತ್ತಿದಳು.

ಸಾಹೇಬರು ಗೋಡೆ ಹಿಡಿದು ಮೇಲೆದ್ದರು. ಎಂಟು ತಿಂಗಳ ರೂಢಿ, ಬ್ರಶ್ಶನ್ನು ಸಹಜವಾಗಿ ಕಾಡವ್ವನ ಕಡೆಗೆ ಚಾಚಿದರು. ಅವಳು ಕೈ ಚಾಚಲಿಲ್ಲ. ಬ್ರಶ್ಶು ಇಬ್ಬರ ನಡುವೆ ಗಾಳಿಯಲ್ಲಿ ನಿಂತು ನೀರು ತೊಟ್ಟಿಕ್ಕಿತು.

“ಅಲ್ಲೇ ಬಾಗಲ ಹಿಂದ ಇಡ್ರಿ, ಸರ್,” ಅಂದಳು. “ನಾಳಿ ನಿಮಗ ಮತ್ತ ಬೇಕಾಗತೈತಿ.”